ಪೆಂಗ್ವಿನ್ ಹುಡುಕುವ ಪುಟ್ಟನಿಗೆ ದೊಡ್ಡಮ್ಮನ ಕಾಗದ

ಮೈಸೂರು

ಚಿರಂಜೀವಿ ಪುಟ್ಟನಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ನಾವಿಲ್ಲಿ ಕ್ಷೇಮವಾಗಿದ್ದೇವೆ. ನೀನು ಬೆಂಗಳೂರಿನಲ್ಲಿ ಹೊತ್ತುಹೊತ್ತಿಗೆ ಊಟ ಮಾಡಿಕೊಂಡು ಆರೋಗ್ಯವಾಗಿದ್ದೀಯೆ ಎಂದು ನಂಬಿದ್ದೇನೆ.

ಸಿನಿಮಾಗಳಲ್ಲೂ ಟಿವಿ ಧಾರಾವಾಹಿಗಳಲ್ಲೂ ಕಂಪ್ಯೂಟರ್ ಪರದೆ ಕಾಣಿಸಿದಾಗಲೆಲ್ಲ ಅದರಲ್ಲಿ ಓಡುತ್ತಿರುವುದು ಲಿನಕ್ಸೋ, ಅಂದರೆ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ತಂತ್ರಾಂಶವಾದ, ಪೆಂಗ್ವಿನ್ ಲಾಂಛನದ ಆ ಕಾರ್ಯಾಚರಣೆ ವ್ಯವಸ್ಥೆಯೋ, ಅಲ್ಲವೋ ಎಂದು ಗಮನಿಸಿ, ಒಂದು ವರ್ಷದಿಂದ ನೀನು ಬರೆದಿಟ್ಟುಕೊಂಡು ಬಂದ ಪಟ್ಟಿ ಕೈಸೇರಿತು. 41 ನಮೂದುಗಳನ್ನೂ ಎರಡು ರಾತ್ರಿ ಕೂತು ಓದಿದೆ. ಎಂಜಿನಿಯರಿಂಗ್ ಕಾಲೇಜೊಂದರ ಕಂಪ್ಯೂಟರ್ ಲ್ಯಾಬನ್ನು 22 ವರ್ಷ ನೋಡಿಕೊಂಡು, ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆಗೆ ಬರುತ್ತಿದ್ದ ಸಿಡಿಗಳಿಂದ ಒಂದೊಂದೇ ಯಂತ್ರಕ್ಕೆ ಲಿನಕ್ಸ್ ಹಾಕಿದವಳು ನಾನು. ತಂಗಿಯ ಮಗನಿಗೆ ಇದರ ಹುಚ್ಚು ಹಿಡಿದಿದೆ ಎಂದು ತಿಳಿದು ನನಗಾದ ಸಂತೋಷವನ್ನು ಕಾಗದದಲ್ಲಿ ಬರೆಯಲಾರೆ. ಆದರೆ 16 ನಮೂದುಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಪ್ರಶ್ನೆಚಿಹ್ನೆ ಹಾಕಿದ್ದೇನೆ. ಬೇಸರ ಮಾಡಿಕೊಳ್ಳಬೇಡ. ಏಕೆ ಹಾಕಿದೆನೆಂದು ಬಿಡಿಸಿ ಹೇಳುವುದಕ್ಕೇ ಈ ಕಾಗದ ಬರೆಯುತ್ತಿದ್ದೇನೆ.

ಆ ಹದಿನಾರರಲ್ಲಿ ಹೆಚ್ಚಿನವು ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳು ಓಡುವ ದೃಶ್ಯಗಳು. ಕಪ್ಪು ಪರದೆಯೆಲ್ಲ ಲಿನಕ್ಸ್ ಅಲ್ಲ ಕಣೋ. ಸಾಲಿನ ಶುರುವಿನಲ್ಲಿ ಏನಿದೆ ಎಂಬುದನ್ನು ಮೊದಲು ನೋಡು. ಸಿ ಅಕ್ಷರ, ಅದರ ಮುಂದೆ ಒಂದರ ಮೇಲೊಂದು ಎರಡು ಚುಕ್ಕೆ, ಆಮೇಲೆ ಹಿಂದಕ್ಕೆ ವಾಲಿದ ಗೀಟು ಇದ್ದರೆ ಅದು ಡಾಸ್ ಅಥವಾ ವಿಂಡೋಸ್. ಡಾಲರ್ ಚಿಹ್ನೆ ಇದ್ದರೆ ಸಾಮಾನ್ಯವಾಗಿ ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಎಂಬ ಹಳೆಯ ವ್ಯವಸ್ಥೆಯ ಕುಟುಂಬದ ಶೆಲ್, ಅಂದರೆ ಕಮಾಂಡ್ ಹೊಡೆಯುವ ಜಾಗ. ಹ್ಯಾಶ್ ಚಿಹ್ನೆ ಇದ್ದರೆ ಅದೇ ಶೆಲ್ಲಿನಲ್ಲಿ ರೂಟ್ ಆಗಿ, ಅಂದರೆ ಯಂತ್ರದ ಪೂರ್ತಿ ಅಧಿಕಾರ ಹಿಡಿದು, ಯಾರೋ ಕೂತಿದ್ದಾರೆ ಎಂದರ್ಥ. ಆದರೆ ಡಾಲರ್ ಚಿಹ್ನೆಯಿಂದ ಕುಲ ತಿಳಿಯುತ್ತದೆಯೇ ಹೊರತು ಹೆಸರು ತಿಳಿಯುವುದಿಲ್ಲ. 2019ಕ್ಕೆ ಮುಂಚಿನ ಮ್ಯಾಕ್ ಯಂತ್ರದ ಟರ್ಮಿನಲ್ಲಿನಲ್ಲಿ, ಫ್ರೀಬಿಎಸ್‌ಡಿಯಲ್ಲಿ, ಹಳೆಯ ಸೋಲಾರಿಸ್‌ನಲ್ಲಿ ಎಲ್ಲೆಲ್ಲೂ ಆ ಡಾಲರ್ ಬರುತ್ತದೆ. ಯಂತ್ರ ಏಳುವಾಗ ಪರದೆಯ ನೆತ್ತಿಯ ಮೇಲೆ ಪೆಂಗ್ವಿನ್‌ಗಳ ಸಾಲು ಕಂಡಿತೋ, ಆಗ ಅನುಮಾನವಿಲ್ಲದೆ ಬರೆದುಕೊ. ಪ್ರೊಸೆಸರಿನಲ್ಲಿ ಎಷ್ಟು ಕೋರ್ ಇವೆಯೋ ಅಷ್ಟು ಪೆಂಗ್ವಿನ್‌ಗಳನ್ನು ಲಿನಕ್ಸ್ ಕರ್ನಲ್, ಅಂದರೆ ಆ ವ್ಯವಸ್ಥೆಯ ತಿರುಳು, ಅಲ್ಲಿ ನಿಲ್ಲಿಸುತ್ತದೆ. ಬೇರೆ ಯಾವ ವ್ಯವಸ್ಥೆಯೂ ಹಾಗೆ ಏಳುವುದಿಲ್ಲ.

‘ಜುರಾಸಿಕ್ ಪಾರ್ಕ್’ ಚಿತ್ರವನ್ನು ನೀನು ಪಟ್ಟಿಯ ತಲೆಯಲ್ಲೇ ಇಟ್ಟಿದ್ದೀಯೆ. ಇದೇ ತಪ್ಪನ್ನು ನಾನೂ ಮಾಡಿದ್ದೆ. ಲ್ಯಾಬಿಗೆ ಹೊಸದಾಗಿ ಬಂದ ಮಕ್ಕಳಿಗೆ ಉತ್ಸಾಹ ಬರಲಿ ಎಂದು, ಆ ಚಿತ್ರದ ಹುಡುಗಿ ಪರದೆ ನೋಡಿದವಳೇ ಇದು ಯುನಿಕ್ಸ್, ನನಗೆ ಗೊತ್ತು ಎನ್ನುತ್ತಾಳಲ್ಲ, ಅದು ನಿಮ್ಮ ಮುಂದಿರುವ ಈ ಮುಕ್ತ ತಂತ್ರಾಂಶವೇ ಎಂದು ಹೇಳಿಬಿಟ್ಟಿದ್ದೆ. ತರಗತಿ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಬಂದು, “ಮೇಡಂ, ಅದು ಐರಿಕ್ಸ್ ಅಲ್ಲವೇ?” ಎಂದು ಮೆಲ್ಲಗೆ ಕೇಳಿದ. ಹುಡುಕಿ ನೋಡಿದರೆ ಅವನ ಮಾತೇ ನಿಜವಾಗಿತ್ತು. ಮರುದಿನ ಅದೇ ತರಗತಿಯಲ್ಲಿ ನಿಂತು ತಿದ್ದಿ ಹೇಳಿದೆ.

ಆ ಪರದೆಯ ಸಂಗತಿ ಹೀಗಿದೆ. ಚಿತ್ರ ತೆರೆ ಕಂಡದ್ದು 1993ರ ಜೂನ್‌ನಲ್ಲಿ. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ತನ್ನ ಕರ್ನಲ್ ಬಗ್ಗೆ ಮೊದಲ ಬಾರಿ ಜಗತ್ತಿಗೆ ತಿಳಿಸಿ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಚಿತ್ರದಲ್ಲಿರುವುದು ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಯಂತ್ರ, ಅದರೊಳಗಿರುವುದು ಅದೇ ಕಂಪನಿಯ ಐರಿಕ್ಸ್. ಐರಿಕ್ಸ್ ಯುನಿಕ್ಸ್ ಹೌದು, ಮುಕ್ತ ತಂತ್ರಾಂಶ ಅಲ್ಲ. ಬಯಲಿನಲ್ಲಿ ಪೆಟ್ಟಿಗೆಗಳನ್ನು ಜೋಡಿಸಿಟ್ಟಂತೆ ಕಡತಗಳನ್ನು ತೋರಿಸುವ ಆ ಮೂರು ಆಯಾಮದ ನೋಟವನ್ನು ಸಿನಿಮಾದವರ ಕಲ್ಪನೆ ಎಂದು ಬಹಳ ಜನ ಗೇಲಿ ಮಾಡಿದ್ದರು. ಆದರೆ ಅದು ಎಫ್‌ಎಸ್‌ಎನ್ ಎಂಬ, ಆ ಕಂಪನಿಯವರೇ ಪ್ರಯೋಗಕ್ಕೆಂದು ಬರೆದಿದ್ದ ನಿಜವಾದ ತಂತ್ರಾಂಶ. ಅದರ ಮಾದರಿಯಲ್ಲಿ ಎಫ್‌ಎಸ್‌ವಿ ಎಂಬ ಮುಕ್ತ ತಂತ್ರಾಂಶ ಆಮೇಲೆ ಬಂತು, ಅದನ್ನು ನಿನ್ನ ಲಿನಕ್ಸ್‌ನಲ್ಲೂ ಓಡಿಸಬಹುದು. ಗೇಲಿ ಮಾಡಿದವರೂ ತಪ್ಪಿದರು, ಹೆಮ್ಮೆಪಟ್ಟ ನಾವೂ ತಪ್ಪಿದೆವು. ಹಾಗಾಗಿ ನಿನ್ನ ಪಟ್ಟಿಯಲ್ಲಿ ‘ಕಂಡದ್ದು’ ಎಂದೊಂದು ಕಾಲಂ, ‘ಊಹೆ’ ಎಂದೊಂದು ಕಾಲಂ ಬೇರೆ ಬೇರೆ ಮಾಡು ಎನ್ನುತ್ತೇನೆ.

‘ದಿ ಮೇಟ್ರಿಕ್ಸ್ ರೀಲೋಡೆಡ್’ ಪಕ್ಕದಲ್ಲೂ ನನ್ನ ಪ್ರಶ್ನೆಚಿಹ್ನೆ ಇದೆ. ಈ ದೃಶ್ಯವನ್ನು ನಾನು ಎಷ್ಟು ಸಲ ನಿಲ್ಲಿಸಿ ನೋಡಿದ್ದೇನೋ ಲೆಕ್ಕವಿಲ್ಲ. ವಿದ್ಯುತ್ ಕೇಂದ್ರದ ಕಂಪ್ಯೂಟರಿನ ಮುಂದೆ ನಿಂತ ಟ್ರಿನಿಟಿ ಎಂಬಾಕೆ ಎನ್‌ಮ್ಯಾಪ್ ಓಡಿಸುತ್ತಾಳೆ. ಜಾಲದ ಯಂತ್ರಗಳಲ್ಲಿ ಯಾವ ಬಾಗಿಲು ತೆರೆದಿದೆ ಎಂದು ಹುಡುಕುವ ತಂತ್ರಾಂಶ ಅದು. 10.2.2.2 ಎಂಬ ವಿಳಾಸದಲ್ಲಿ 22ನೇ ಪೋರ್ಟ್, ಅಂದರೆ ಬಾಗಿಲು, ತೆರೆದಿದೆ ಎಂದು ತಿಳಿಯುತ್ತದೆ. ದೂರದ ಯಂತ್ರದೊಳಗೆ ಹೋಗಲು ಬಳಸುವ ಎಸ್‌ಎಸ್‌ಎಚ್‌ನ ಮೊದಲ ಆವೃತ್ತಿಯಲ್ಲಿ 2001ರಲ್ಲಿ ನಿಜವಾಗಿಯೂ ಪತ್ತೆಯಾಗಿದ್ದ ದೋಷವೊಂದನ್ನು ಹಿಡಿದು ಅವಳು ಒಳಗೆ ನುಗ್ಗಿ ರೂಟ್ ಪಾಸ್‌ವರ್ಡನ್ನೇ ಬದಲಿಸುತ್ತಾಳೆ. ಚಿತ್ರ ಬಂದದ್ದು 2003ರಲ್ಲಿ. ಅಷ್ಟು ದೊಡ್ಡ ಹಣದ ಚಿತ್ರದಲ್ಲಿ ಒಬ್ಬಾಕೆ ನಿಜವಾದ ಮುಕ್ತ ತಂತ್ರಾಂಶವನ್ನು ಸರಿಯಾದ ಕಮಾಂಡ್ ಹೊಡೆದು ಬಳಸಿದ್ದನ್ನು ಕಂಡು ನಮ್ಮ ಲ್ಯಾಬಿನ ಮಕ್ಕಳು ಕುಣಿದಿದ್ದರು. ಆದರೂ ನೀನು ಅದನ್ನು ‘ಲಿನಕ್ಸ್’ ಎಂದು ಬರೆಯುವಂತಿಲ್ಲ. ಎನ್‌ಮ್ಯಾಪ್ ಲಿನಕ್ಸ್‌ನಲ್ಲೂ ಓಡುತ್ತದೆ, ವಿಂಡೋಸ್‌ನಲ್ಲೂ, ಬಿಎಸ್‌ಡಿಗಳಲ್ಲೂ ಓಡುತ್ತದೆ. ‘ಕಂಡದ್ದು: ಎನ್‌ಮ್ಯಾಪ್’ ಎಂದಷ್ಟೇ ಬರೆ. ‘ದಿ ಬೋರ್ನ್ ಅಲ್ಟಿಮೇಟಮ್’ ನಮೂದಿಗೂ ಇದೇ ತಿದ್ದುಪಡಿ.

ಡೆಸ್ಕ್‌ಟಾಪ್ ಕಾಣಿಸಿದರೆ ಕೆಲಸ ಹಗುರ. ಗ್ನೋಮ್ ಡೆಸ್ಕ್‌ಟಾಪಿನ ಹೆಜ್ಜೆಗುರುತು, ಕೆಡಿಇ ಡೆಸ್ಕ್‌ಟಾಪಿನ ಹಲ್ಲಿನ ಚಕ್ರದೊಳಗಿನ ಕೆ ಅಕ್ಷರ, ಡೆಬಿಯನ್ ಎಂಬ ಲಿನಕ್ಸ್ ಬಗೆಯ ಕೆಂಪು ಸುಳಿ, ಕಾಲಿ ಎಂಬ ಇನ್ನೊಂದು ಬಗೆಯ ಡ್ರ್ಯಾಗನ್ ಇವನ್ನೆಲ್ಲ ನೀನು ಬಲ್ಲೆ. ನೀನು ಇನ್ನೂ ಅಭ್ಯಾಸ ಮಾಡಿಕೊಳ್ಳಬೇಕಾದದ್ದು ಕಾಲದ ತಾಳೆ. ಕಥೆ ನಡೆಯುವ ವರ್ಷವನ್ನೂ ಪರದೆಯ ಮೇಲಿರುವುದು ಹುಟ್ಟಿದ ವರ್ಷವನ್ನೂ ಪಕ್ಕಪಕ್ಕ ಇಟ್ಟು ನೋಡು. ಉಬುಂಟು ಎಂಬ ಲಿನಕ್ಸ್ ಬಗೆ ಮೊದಲು ಬಂದದ್ದು 2004ರ ಅಕ್ಟೋಬರ್‌ನಲ್ಲಿ, ಕಾಲಿ ಬಂದದ್ದು 2013ರಲ್ಲಿ. ಎಡಗಡೆ ಉದ್ದಕ್ಕೆ ಚಿಹ್ನೆಗಳ ಪಟ್ಟಿ ನಿಲ್ಲಿಸಿದ ಯೂನಿಟಿ ಉಬುಂಟುವಿನ ಮಾಮೂಲು ಮುಖವಾದದ್ದು 2011ರಲ್ಲಿ, ಅದನ್ನು ಬಿಟ್ಟು ಗ್ನೋಮ್‌ಗೆ ಮರಳಿದ್ದು 2017ರಲ್ಲಿ. ‘ದಿ ಸೋಷಿಯಲ್ ನೆಟ್‌ವರ್ಕ್’ ತೆಗೆದದ್ದು 2010ರಲ್ಲಾದರೂ ಹಾಸ್ಟೆಲ್ ಕೋಣೆಯ ಆ ರಾತ್ರಿ 2003ರದು, ಮತ್ತು ಅಲ್ಲಿ ಕಾಣುವುದು ಕೆಡಿಇಯ ಮೂರನೇ ಪೀಳಿಗೆಯ ಡೆಸ್ಕ್‌ಟಾಪ್. 2003ಕ್ಕೆ ಅದು ಸರಿಯಾಗಿ ಹೊಂದುತ್ತದೆ. ಆ ಹುಡುಗ, ಅಂದರೆ ಮುಂದೆ ಫೇಸ್‌ಬುಕ್ ಕಟ್ಟುವ ಮಾರ್ಕ್ ಜುಕರ್‌ಬರ್ಗ್‌ನ ಪಾತ್ರ, ಕಡತ ಇಳಿಸುವ ವಿಗೆಟ್‌ನಿಂದ ಚಿತ್ರಗಳನ್ನು ಎಳೆದುಕೊಳ್ಳುತ್ತಾನೆ, ಬರಹ ತಿದ್ದುವ ಇಮ್ಯಾಕ್ಸ್ ತೆಗೆದು ಪರ್ಲ್ ಸ್ಕ್ರಿಪ್ಟ್ ತಿದ್ದುವ ಮಾತಾಡುತ್ತಾನೆ. ಯಾವ ಸಾಧನ ಯಾವ ಕೆಲಸಕ್ಕೆ ಎಂಬುದು ಗೊತ್ತಿದ್ದವರೇ ಆ ದೃಶ್ಯವನ್ನು ಕಟ್ಟಿದ್ದಾರೆ.

‘ಮಿಸ್ಟರ್ ರೋಬಾಟ್’ ಧಾರಾವಾಹಿಗೆ ನೀನು ಕೊಟ್ಟ ಮೂರು ನಕ್ಷತ್ರಗಳಿಗೆ ನನ್ನ ಒಪ್ಪಿಗೆಯಿದೆ. 2015ರಲ್ಲಿ ಬಂದ ಮೊದಲ ಕಂತಿನಲ್ಲೇ, ದೊಡ್ಡ ಕಂಪನಿಯ ಅಧಿಕಾರಿಯೊಬ್ಬ ನಾಯಕನ ಮೇಜಿನ ಹತ್ತಿರ ನಿಂತು, ನೀನು ಗ್ನೋಮ್ ಬಳಸುತ್ತಿದ್ದೀಯೆ, ನನ್ನದು ಕೆಡಿಇ ಎನ್ನುತ್ತಾನೆ. ಆ ಒಂದು ಮಾತಿನಿಂದ ಈ ಅಧಿಕಾರಿ ಬರೀ ಸೂಟು ತೊಟ್ಟವನಲ್ಲ, ಕೆಲಸ ಬಲ್ಲವನು, ಆದ್ದರಿಂದ ಅಪಾಯದವನು ಎಂದು ನಮಗೆ ಅರಿವಾಗುತ್ತದೆ. ಪಾತ್ರವನ್ನು ಪರಿಚಯಿಸುವ ಕೆಲಸವನ್ನು ಡೆಸ್ಕ್‌ಟಾಪಿನ ಹೆಸರು ಮಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಂಥ ಪರದೆಗಳ ಹಿಂದೆ ಕೆಲಸ ಮಾಡಿದವರು ಇರುತ್ತಾರೆ ಎಂಬುದನ್ನು ಮರೆಯಬೇಡ. ನಟ ಕೀಲಿಮಣೆಯ ಮೇಲೆ ಏನನ್ನೇ ಒತ್ತಲಿ, ಮೊದಲೇ ಸಿದ್ಧಮಾಡಿಟ್ಟ ಸಾಲುಗಳೇ ಮೂಡುವಂತೆ ಸಾಮಾನ್ಯವಾಗಿ ಏರ್ಪಾಡು ಮಾಡಿರುತ್ತಾರೆ. ಹಳೆಯ ಗಾಜಿನ ಪರದೆಗಳ ಕಾಲದಲ್ಲಿ ಕ್ಯಾಮೆರಾ ಸೆಕೆಂಡಿಗೆ 24 ಚಿತ್ರ ಹಿಡಿಯುತ್ತಿದ್ದರೆ ಪರದೆ 60 ಸಲ ಮಿಟುಕುತ್ತಿತ್ತು, ಅದನ್ನು ಹೊಂದಿಸದಿದ್ದರೆ ಚಿತ್ರದಲ್ಲಿ ಕಪ್ಪು ಪಟ್ಟೆ ಉರುಳುತ್ತಿತ್ತು. 2010ರ ‘ಟ್ರಾನ್: ಲೆಗಸಿ’ಯಲ್ಲಿ ಧೂಳು ಹಿಡಿದ ಮೇಜಿನ ಮೇಲೆ ವ್ಯವಸ್ಥೆಯ ಹೆಸರು ಕೇಳುವ ಯುನೇಮ್ ಕಮಾಂಡ್ ಹೊಡೆದಾಗ ‘ಸೋಲಾರ್‌ಓಎಸ್ 4.0.1’ ಎಂಬ ಉತ್ತರ ಬರುತ್ತದೆ. ಅಂಥ ವ್ಯವಸ್ಥೆ ಇಲ್ಲ, ಸನ್ ಕಂಪನಿಯ ಸೋಲಾರಿಸ್ ನೆನಪಿಗೆ ಬರಲೆಂದು ಕಟ್ಟಿದ ಹೆಸರು ಅದು. ಅದೇ ಸಾಲಿನಲ್ಲಿ ಸನ್4ಎಂ, ಐ386 ಎಂಬ ಒಂದಕ್ಕೊಂದು ಸೇರದ ಎರಡು ಯಂತ್ರಜಾತಿಗಳೂ ಇವೆ. ಆದ್ದರಿಂದ ಆ ನಮೂದನ್ನು ತೆಗೆಯಬೇಕಾಗುತ್ತದೆ. ಆದರೆ ಅದೇ ಚಿತ್ರದ ಆಡಳಿತ ಮಂಡಳಿಯ ಸಭೆಯ ದೃಶ್ಯವನ್ನು ನೀನು ಬಿಟ್ಟೇ ಬಿಟ್ಟಿದ್ದೀಯೆ. ಅಲ್ಲಿ ಇಮ್ಯಾಕ್ಸ್‌ನೊಳಗಿನ ಈಶೆಲ್ ಎಂಬ ಶೆಲ್ ಇದೆ, ಓಡುತ್ತಿರುವ ಪ್ರೋಗ್ರಾಮನ್ನು ಪಿಎಸ್, ಗ್ರೆಪ್‌ಗಳಿಂದ ಹುಡುಕಿ ಕಿಲ್ ಕಮಾಂಡಿನಿಂದ ನಿಲ್ಲಿಸುವುದಿದೆ. ಬೇಕಾದ ಕೆಲಸಕ್ಕೆ ಬೇಕಾದ ಕಮಾಂಡ್ ಅದು. ಅದನ್ನು ಸೇರಿಸು.

ಸರಸರನೆ ಉರುಳುವ ಕೋಡ್ ಕಂಡರೆ ಮಾತ್ರ ಬಹಳ ಎಚ್ಚರವಾಗಿರು. ಲಿನಕ್ಸ್ ಕರ್ನಲ್ಲಿನ ಗ್ರೂಪ್ಸ್ ಎಂಬ ಕಡತದ ಒಂದು ತುಣುಕನ್ನು, ಯಾವ ಕೀಲಿ ಒತ್ತಿದರೂ ಪರದೆಯ ಮೇಲೆ ಹರಿಯಬಿಡುವ ಹ್ಯಾಕರ್ ಟೈಪರ್ ಎಂಬ ಆಟಿಕೆ ಇದೆ. ‘ಸ್ಟ್ರಕ್ಟ್ ಗ್ರೂಪ್ ಇನ್ಫೋ’ ಎಂದು ಶುರುವಾಗುವ ಆ ಸಾಲು ಕಂಡರೆ, ಅದು ಬಳಕೆದಾರರ ಗುಂಪುಗಳ ಲೆಕ್ಕ ಇಡುವ ಕೋಡೇ ಹೊರತು ಬ್ಯಾಂಕಿನ ಬೀಗ ಒಡೆಯುವ ಕೋಡ್ ಅಲ್ಲ. ಅಲ್ಲಿ ಕರ್ನಲ್ಲಿನ ಮಾತುಗಳಿವೆ ಎಂದ ಮಾತ್ರಕ್ಕೆ ಆ ಯಂತ್ರದಲ್ಲಿ ಲಿನಕ್ಸ್ ಓಡುತ್ತಿದೆ ಎಂದು ಹೇಳಲಾಗದು.

ಇದಕ್ಕಿಂತ ಮನಸ್ಸಿಗೆ ನೋವಾಗುವ ವಿಷಯವೊಂದಿದೆ. ನಿನ್ನ ಪಟ್ಟಿಯಲ್ಲಿ ಉಳಿಯುವ 25ರಲ್ಲಿ 19 ಕಡೆ ಮುಕ್ತ ತಂತ್ರಾಂಶ ಇರುವುದು ಇನ್ನೊಬ್ಬರ ಯಂತ್ರಕ್ಕೆ ನುಗ್ಗುವವನ ಕೈಯಲ್ಲಿ. ಗುಮಾಸ್ತ, ಡಾಕ್ಟರು, ಶಾಲೆಯ ಮೇಷ್ಟ್ರು ಯಾರ ಮೇಜಿನ ಮೇಲೂ ಅದು ಕಾಣುವುದಿಲ್ಲ. ನಮ್ಮ ಲ್ಯಾಬಿನಲ್ಲಿ ಮಕ್ಕಳು ಅದರಲ್ಲೇ ಮೊದಲ ಸಿ ಪ್ರೋಗ್ರಾಂ ಬರೆದರು. ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರಶೈಲಿಗಳು ಡೆಬಿಯನ್, ಉಬುಂಟು ಭಂಡಾರಗಳಲ್ಲಿ ಇವತ್ತಿಗೂ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇವೆ. ಇಂಥ ನಿತ್ಯದ ಬಳಕೆ ತೆರೆಯ ಮೇಲೆ ಬಾರದೆ ಇದ್ದರೆ ಜನ ಅದನ್ನು ಕಳ್ಳರ ಕನ್ನಗೋಲು ಎಂದೇ ತಿಳಿದುಕೊಳ್ಳುತ್ತಾರೆ. ಆದ್ದರಿಂದ ‘ಯಾರು, ಯಾವ ಕೆಲಸಕ್ಕೆ’ ಎಂಬ ಮೂರನೇ ಕಾಲಂ ಸೇರಿಸು. 2001ರ ‘ಆಂಟಿಟ್ರಸ್ಟ್’ ನೋಡದಿದ್ದರೆ ನೋಡು. ಕಥೆಯ ಬಿಗಿಯಲ್ಲಿ ಅದು ದೊಡ್ಡ ಚಿತ್ರವಲ್ಲ, ಆದರೆ ಕೋಡ್ ಎಲ್ಲರದಾಗಬೇಕೋ ಒಬ್ಬರದಾಗಿರಬೇಕೋ ಎಂಬ ಜಗಳವೇ ಅಲ್ಲಿ ಕಥೆ. ಗ್ನೋಮ್ ಡೆಸ್ಕ್‌ಟಾಪ್ ಅಲ್ಲಿ ಬಿಚ್ಚುಮುಖದಲ್ಲಿ ಕಾಣುತ್ತದೆ, ಗ್ನೋಮ್ ಆರಂಭಿಸಿದವರಲ್ಲಿ ಒಬ್ಬರಾದ ಮಿಗೆಲ್ ಡೆ ಇಕಾಸಾ ಕೂಡ ಒಂದು ಗಳಿಗೆ ಬಂದುಹೋಗುತ್ತಾರೆ.

ತೆರೆಯ ಹಿಂದಿನದಕ್ಕೂ ಒಂದು ಹಾಳೆ ಮೀಸಲಿಡು. ‘ಟೈಟಾನಿಕ್’ ಚಿತ್ರದಲ್ಲಿ ನೀನು ಎಷ್ಟು ಹುಡುಕಿದರೂ ಪೆಂಗ್ವಿನ್ ಸಿಗುವುದಿಲ್ಲ. ಆದರೆ ಅದರ ದೃಶ್ಯಪರಿಣಾಮಗಳಿಗಾಗಿ ಡಿಜಿಟಲ್ ಡೊಮೇನ್ ಸಂಸ್ಥೆ ಕೊಂಡ 160 ಆಲ್ಫಾ ಯಂತ್ರಗಳ ಪೈಕಿ 105ರಲ್ಲಿ ಓಡಿದ್ದು ಲಿನಕ್ಸ್. ಅದು 1997ರ ಚಿತ್ರ. ಆ ಹಡಗು ಮುಳುಗುವುದನ್ನು ಕಣ್ಣೀರು ಹಾಕುತ್ತ ನೋಡಿದ ನಮಗೆ ಅದು ಆಗ ತಿಳಿದಿರಲಿಲ್ಲ.

ಇನ್ನೊಂದು ಮಾತನ್ನು ಹಿರಿಯಳಾಗಿ ಹೇಳಲೇಬೇಕು. ಕಳೆದ ಸಲ ಬಂದಾಗ ಅಜ್ಜಿ ಪತ್ತೇದಾರಿ ಧಾರಾವಾಹಿ ನೋಡುತ್ತಿದ್ದಾಗ ನೀನು ಮೂರು ಸಲ ನಿಲ್ಲಿಸಿ ಪರದೆಯ ಹತ್ತಿರ ಹೋಗಿ ನಿಂತೆ. ಕೊಲೆಗಾರ ಯಾರೆಂದು ತಿಳಿಯುವ ಹೊತ್ತಿಗೆ ಅವರಿಗೆ ನಿದ್ದೆ ಬಂದಿತ್ತು. ಹೀಗೆ ಮಾಡಬೇಡ. ಎಷ್ಟನೇ ನಿಮಿಷವೆಂದು ಚೀಟಿಯಲ್ಲಿ ಗುರುತು ಹಾಕಿಕೊಂಡು, ಎಲ್ಲರೂ ಮಲಗಿದ ಮೇಲೆ ಒಬ್ಬನೇ ಕೂತು ನಿಧಾನವಾಗಿ ನೋಡು. ಆ ನಿಮಿಷದ ಲೆಕ್ಕವನ್ನು ಪಟ್ಟಿಯಲ್ಲೂ ಬರೆದಿಟ್ಟರೆ ನನ್ನಂಥವರು ಹುಡುಕಿ ತಾಳೆ ನೋಡುವುದಕ್ಕೆ ಅನುಕೂಲ. ಈಗ ನಿನ್ನ ಪಟ್ಟಿಯಲ್ಲಿ ಅದು ಒಂದು ಕಡೆಯೂ ಇಲ್ಲ.

27ನೇ ನಮೂದಿನ ಚಿತ್ರ ನನಗೆ ಇನ್ನೂ ಬಗೆಹರಿದಿಲ್ಲ. ಎಡಗಡೆ ಕೆಳಮೂಲೆಯಲ್ಲಿ ನಟಿಯ ಮೊಣಕೈಗೆ ಮರೆಯಾಗಿ ಏನೋ ದುಂಡಗೆ ನೀಲಿಯಾಗಿ ಕಾಣುತ್ತದೆ. ಹಲ್ಲಿನ ಚಕ್ರವಿದ್ದರೂ ಇರಬಹುದು. ಅವಳು ಕೈ ಸರಿಸುವ ಮುಂದಿನ ಕ್ಷಣದ ಪಡಿಯಚ್ಚು ಸಿಕ್ಕಿದರೆ ಕಳಿಸು. ಅಲ್ಲಿಯವರೆಗೆ ಅದನ್ನು ಊಹೆಯ ಕಾಲಂನಲ್ಲೇ ಇಟ್ಟಿದ್ದೇನೆ.

ಇಂತಿ ನಿನ್ನ ಪ್ರೀತಿಯ,
ದೊಡ್ಡಮ್ಮ