ಇಂಟು ಮಾರ್ಕು ಒತ್ತುವ ಮಕ್ಕಳನ್ನೂ ಕಾಡಿನ ಬಗ್ಗೆ ಕೇಳಿ

ಮಾನ್ಯ ಸಂಪಾದಕರೇ,

ಮೊಬೈಲ್‌ನಲ್ಲಿ ಗೇಮ್ ಆಡುವ ಹುಡುಗರಿಗೆ ಮಳೆ, ಕಾಡು, ಬೆಳೆ ಯಾವುದರ ಖಬರೂ ಇಲ್ಲ ಎಂಬ ದೂರು ಪೋಷಕರ ಸಭೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಹೈಸ್ಕೂಲ್ ಮೇಷ್ಟ್ರಾದ ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. (ದುಡ್ಡು ಕಟ್ಟಿ ಆಡುವ ರಮ್ಮಿಯ ಮಾತು ಬೇರೆ. ನಾನು ಹೇಳುತ್ತಿರುವುದು ಸುಮ್ನೆ ಮಜಾಕ್ಕೆ ಆಡುವ ಆಟಗಳ ಬಗ್ಗೆ.)

2020ರಲ್ಲಿ ಯುಎನ್‌ಡಿಪಿ, ಅಂದರೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದವರು, ಒಂದು ಜಾಣ ಕೆಲಸ ಮಾಡಿದರು. ಹವಾಮಾನ ಬದಲಾವಣೆ ಬಗ್ಗೆ ಅವರಿಗೆ ಜನರ ಅಭಿಪ್ರಾಯ ಬೇಕಿತ್ತು. ಫಾರಂ ಹಿಡಿದು ಮನೆಮನೆ ಸುತ್ತಲಿಲ್ಲ. ಆಂಗ್ರಿ ಬರ್ಡ್ಸ್, ಸಬ್‌ವೇ ಸರ್ಫರ್ಸ್ ಥರದ ಆಟಗಳ ನಡುವೆ ಜಾಹೀರಾತು ಬರುತ್ತದಲ್ಲ, ಆ ಜಾಗದಲ್ಲೇ ಪ್ರಶ್ನೆಗಳನ್ನು ಇಟ್ಟರು. ಭಾರತವೂ ಸೇರಿ 50 ದೇಶಗಳ 12 ಲಕ್ಷ ಜನ ಉತ್ತರ ಕೊಟ್ಟರು. ಅವರಲ್ಲಿ 5 ಲಕ್ಷಕ್ಕೂ ಜಾಸ್ತಿ ಮಂದಿಗೆ ಇನ್ನೂ 18 ತುಂಬಿರಲಿಲ್ಲ. ಇದು ತುರ್ತುಸ್ಥಿತಿ ಎಂದವರು ಒಟ್ಟಾರೆ ಶೇ 64, ಈ ಚಿಕ್ಕವರಲ್ಲಿ ಶೇ 69. ಏನು ಮಾಡಬೇಕು ಎಂದು 18 ಕ್ರಮಗಳನ್ನು ಮುಂದಿಟ್ಟರೆ, ಎಲ್ಲಕ್ಕಿಂತ ಹೆಚ್ಚು ಜನ ಆರಿಸಿದ್ದು ಕಾಡು ಮತ್ತು ಭೂಮಿಯನ್ನು ಕಾಪಾಡುವುದನ್ನು.

ಜಾಹೀರಾತು ಬಂದರೆ ಸಾಕು, ಮೂಲೆಯಲ್ಲಿ ಇಂಟು ಮಾರ್ಕು ಎಲ್ಲಿದೆ ಅಂತ ಹುಡುಕುವ ಜನ ಇವರು. ಅಂಥವರು ಆಟ ಬಿಟ್ಟು ಉತ್ತರ ಕೊಟ್ಟಿದ್ದಾರೆ ಅಂದರೆ ಒಳಗೆ ಏನೋ ಇದೆ ಅಲ್ವಾ? ಬಟನ್ ಒತ್ತುವುದಕ್ಕೆ ಖರ್ಚಿಲ್ಲ, ಸಸಿ ನೆಟ್ಟು ನೀರು ಹಾಕುವುದೇ ಕಷ್ಟ ಎಂದು ಯಾರಾದರೂ ಹೇಳಬಹುದು. ಸರಿಯೇ. ಆದರೆ ನಮ್ಮಲ್ಲಿ ಅಷ್ಟನ್ನೂ ಯಾರು ಕೇಳಿದ್ದಾರೆ?

ಆಟದಿಂದ ಕಲಿಯುವುದೂ ಇದೆ. ‘ರೆಡ್ ಡೆಡ್ ರಿಡೆಂಪ್ಷನ್ 2’ ಕುದುರೆ, ಬಂದೂಕುಗಳ ಆಟ. ಅದರಲ್ಲಿ ಸುಮಾರು 200 ಬಗೆಯ ಪ್ರಾಣಿಗಳಿವೆ. ಅದನ್ನು ಆಡಿದವರು ಅಮೆರಿಕದ ನಿಜವಾದ ಪ್ರಾಣಿಗಳನ್ನು ಆಡದವರಿಗಿಂತ ಚೆನ್ನಾಗಿ ಗುರುತಿಸುತ್ತಾರೆ ಎಂದು ಇಂಗ್ಲೆಂಡಿನ ಸಂಶೋಧಕರು 2021ರಲ್ಲಿ ತೋರಿಸಿದರು. ದಕ್ಷಿಣ ಆಫ್ರಿಕಾದವರು ಮಾಡಿದ ‘ಟೆರಾ ನಿಲ್’ನಲ್ಲಿ ಬಂಜರು ನೆಲಕ್ಕೆ ನೀರುಣಿಸಿ ಕಾಡು ಬೆಳೆಸಬೇಕು. ಕೊನೆಗೆ ನಾವೇ ಕಟ್ಟಿದ ಯಂತ್ರಗಳನ್ನೆಲ್ಲ ಬಿಚ್ಚಿ, ತುಂಬಿಕೊಂಡು ಜಾಗ ಖಾಲಿ ಮಾಡಬೇಕು. ನಮ್ಮ ಘಟ್ಟದಲ್ಲಿ ಕಾಮಗಾರಿ ಮುಗಿಸಿದ ಗುತ್ತಿಗೆದಾರರಿಗೆ ಇದನ್ನು ಆಡಿಸಬೇಕು ಅನ್ನಿಸುತ್ತದೆ!

ನಮ್ಮ ಕಡೆ ರಸ್ತೆಯ ಒಂದು ತಿರುವಿನಲ್ಲಿ ಮಾತ್ರ ಸಿಗ್ನಲ್ ಸಿಗುತ್ತದೆ. ಸಂಜೆ ಅಲ್ಲಿನ ಮೋರಿಕಟ್ಟೆ ಮೇಲೆ ಹುಡುಗರ ಸಾಲು, ಎಲ್ಲರದೂ ಫ್ರೀ ಫೈರ್. ಒಂದು ದಿನ ಅಲ್ಲೇ ನಿಂತು ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ, ಅಂದರೆ ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಪಂಪ್ ಮಾಡಿ, ಬೇಕಾದಾಗ ಮತ್ತೆ ಕೆಳಗೆ ಬಿಟ್ಟು ಕರೆಂಟ್ ತೆಗೆಯುವ ಯೋಜನೆ ಬಗ್ಗೆ ಕೇಳಿದೆ. ಒಬ್ಬ ತಲೆ ಎತ್ತದೆಯೇ, “ಸಿಂಗಳೀಕಗಳು ಎಲ್ಲಿಗೆ ಹೋಗ್ತವೆ ಸರ್?” ಅಂದ. ಇನ್ನೊಬ್ಬ, “ಕರೆಂಟೂ ಬೇಕಲ್ವಾ ಸರ್” ಅಂದ. ಆಮೇಲೆ ಇಬ್ಬರಿಗೂ ಜಗಳವೇ ಹತ್ತಿಕೊಂಡಿತು. ಗೇಮಲ್ಲಿ ಯಾರು ಸತ್ತರು ಅಂತ ಯಾರೂ ನೋಡಲಿಲ್ಲ.

ಈ ಯೋಜನೆಯ ಬಗ್ಗೆ 2025ರಲ್ಲಿ ಸಾರ್ವಜನಿಕ ಅಹವಾಲು ಸಭೆಗಳು ನಡೆದವು. ಆ ಹುಡುಗರಲ್ಲಿ ಒಬ್ಬನಿಗೂ ಅದು ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? 2006ರ ಪರಿಸರ ಅಧಿಸೂಚನೆಯ ಪ್ರಕಾರ ಸಭೆಗೆ 30 ದಿನ ಮೊದಲು ಒಂದು ರಾಷ್ಟ್ರೀಯ ಪತ್ರಿಕೆಯಲ್ಲಿ, ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ನಿಮ್ಮ ಪತ್ರಿಕೆಗೇ ಬರೆಯುತ್ತ ಹೀಗೆ ಹೇಳುವುದು ಸ್ವಲ್ಪ ಮುಜುಗರವೇ, ಆದರೂ ಹೇಳುತ್ತೇನೆ: ಮೋರಿಕಟ್ಟೆಯ ಹುಡುಗರು ಪತ್ರಿಕೆಯ ಪ್ರಕಟಣೆ ಓದುವುದಿಲ್ಲ. ಅವರ ಅಣ್ಣಂದಿರು, ಅಪ್ಪಂದಿರು ಓದುವುದೂ ಅಪರೂಪ.

ಸಭೆ ನಡೆಸುವ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ನನ್ನ ವಿನಂತಿ ಇಷ್ಟೆ. ಪತ್ರಿಕೆಯ ಪ್ರಕಟಣೆ ಇರಲಿ. ಜೊತೆಗೆ ಯೋಜನೆಯ ಸಾರಾಂಶವನ್ನು ಹತ್ತನೇ ಕ್ಲಾಸಿನವರಿಗೆ ಅರ್ಥವಾಗುವ ಕನ್ನಡದಲ್ಲಿ ಬರೆಸಿ, ಆ ತಾಲ್ಲೂಕಿನ ಫೋನ್‌ಗಳಲ್ಲಿ ಗೇಮ್ ನಡುವಿನ ಜಾಹೀರಾತಾಗಿ ಹಾಕಿಸಲಿ. ಅಂಗಡಿ, ಕೋಚಿಂಗ್ ಸೆಂಟರ್‌ಗಳ ಜಾಹೀರಾತನ್ನು ಊರು ನೋಡಿ ತೋರಿಸಲು ಆಗುತ್ತದೆ ಅಂದಮೇಲೆ ಇದೂ ಆಗುತ್ತದೆ. ಕೆಳಗೆ ಎರಡು ಪ್ರಶ್ನೆ ಇರಲಿ, ಬಂದ ಉತ್ತರಗಳನ್ನು ಸಭೆಯಲ್ಲಿ ಜಿಲ್ಲಾಧಿಕಾರಿಗಳ ಮುಂದೆ ಓದಲಿ. 18 ತುಂಬದವರ ಉತ್ತರವನ್ನು ಬೇಕಿದ್ದರೆ ಬೇರೆಯಾಗಿ ಎಣಿಸಲಿ.

— ಒಬ್ಬ ಹೈಸ್ಕೂಲ್ ಶಿಕ್ಷಕ, ಸಾಗರ ತಾಲ್ಲೂಕು