ಧನ್ಯವಾದವನ್ನು ಬೋರ್ಡ್ ನೋಡಿ ಬರೆಸಬೇಡಿ

ಮಾನ್ಯರೇ,

ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಒಂದು ಫೋಟೋ ಬಂದಿತ್ತು. ನಮ್ಮ ಕೊಡಗು ಜಿಲ್ಲೆಯದೇ ಒಂದು ಶಾಲೆಯ ಮಕ್ಕಳು ಸಾಲಾಗಿ ನಿಂತು, ಲೈನ್‌ಮ್ಯಾನ್‌ಗಳಿಗೆ, ಪೌರಕಾರ್ಮಿಕರಿಗೆ, ಆಶಾ ಕಾರ್ಯಕರ್ತೆಯರಿಗೆ ಬರೆದ ಕಾಗದಗಳನ್ನು ಎದೆಯ ಮುಂದೆ ಹಿಡಿದಿದ್ದರು. ನೋಡಿ ಖುಷಿಯಾಯ್ತು. ಆಮೇಲೆ ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದೆ. ಓದಲು ಆದಷ್ಟು ಕಾಗದಗಳಲ್ಲೂ ಒಂದೇ ಸಾಲು: 'ತಮ್ಮ ಅಮೂಲ್ಯ ಸೇವೆಗೆ ಹೃತ್ಪೂರ್ವಕ ಧನ್ಯವಾದಗಳು.' ಬೋರ್ಡಿನ ಮೇಲಿದ್ದದ್ದನ್ನು ಮಕ್ಕಳು ಹಾಗೇ ಇಳಿಸಿಕೊಂಡಿದ್ದಾರೆ. ಮೇಷ್ಟ್ರನ್ನು ಬಯ್ಯಲು ಈ ಪತ್ರ ಬರೆಯುತ್ತಿಲ್ಲ. ಶಿಕ್ಷಕಿಯಾಗಿದ್ದಾಗ ಇದೇ ತಪ್ಪನ್ನು ನಾನೂ ಮಾಡಿದ್ದೇನೆ.

2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಮಕ್ಕಂದೂರು, ಜೋಡುಪಾಲ ಕಡೆಯ ಜನ ಮನೆ ತೋಟ ಕಳೆದುಕೊಂಡದ್ದು ಎಲ್ಲರಿಗೂ ನೆನಪಿದೆ. ಶಾಲೆ ಮತ್ತೆ ಶುರುವಾದ ಮೇಲೆ, ರಕ್ಷಣೆಗೆ ಬಂದವರಿಗೆ ಪತ್ರ ಬರೆಸೋಣ ಅಂತ ನಾಲ್ಕು ಸಾಲು ನಾನೇ ಹೇಳಿ ಬರೆಸಿದೆ. ಒಬ್ಬ ಹುಡುಗಿ ಕೊನೆಗೆ ತನ್ನದೂ ಒಂದು ಸಾಲು ಸೇರಿಸಿದ್ದಳು. 'ನಮ್ಮ ನಾಯಿಯನ್ನೂ ಎತ್ತಿಕೊಂಡು ದಾಟಿಸಿದಿರಿ.' ಇದೆಲ್ಲ ಬೇಡ ಅಂತ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದೆ. ನಾನು ಹೇಳಿ ಬರೆಸಿದ ಆ ನಾಲ್ಕು ಸಾಲು ಏನು ಅಂತ ಈಗ ಕೇಳಿದರೆ ಒಂದೂ ನೆನಪಿಲ್ಲ. ನಾಯಿಯ ಸಾಲು ಮಾತ್ರ ಇದೆ.

ನಮ್ಮಲ್ಲಿ ಧನ್ಯವಾದ ಅನ್ನೋದು ವೇದಿಕೆಯ ಮಾತು, ಥ್ಯಾಂಕ್ಸ್ ಅನ್ನೋದು ಅಂಗಡಿಯ ಮಾತು. ಮನೆಯಲ್ಲಿ ಎರಡನ್ನೂ ಯಾರೂ ಬಳಸಲ್ಲ. ಮನೆಗೆ ಬಂದು ಕೆಲಸ ಮಾಡಿಕೊಟ್ಟವರಿಗೆ 'ಪುಣ್ಯಾತ್ಮ, ಕಾಫಿ ಕುಡಿದೇ ಹೋಗಬೇಕು' ಅಂತೀವಿ. ಅಷ್ಟರಲ್ಲಿ ಎಲ್ಲ ಬಂತು. ಮಕ್ಕಳ ಪತ್ರವೂ ಹಾಗೆ ಇರಬಾರದಾ?

ಈ ಜುಲೈನಲ್ಲಿ ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ. ಒಂದು ರಾತ್ರಿ ಗಾಳಿಗೆ ಪಕ್ಕದ ತೋಟದ ಸಿಲ್ವರ್ ಓಕ್ ಮರ ಕರೆಂಟ್ ಲೈನಿನ ಮೇಲೆ ಬಿತ್ತು. ಬೆಳಿಗ್ಗೆ ಅಳೆದರೆ ನಾಲ್ಕು ಇಂಚು ಮೂವತ್ತು ಸೆಂಟು ಮಳೆ (ನೂರು ಸೆಂಟಿಗೆ ಒಂದು ಇಂಚು). ಐದು ದಿನ ಕರೆಂಟ್ ಇಲ್ಲ. ಯುಪಿಎಸ್ ಮೊದಲ ದಿನವೇ ಸತ್ತಿತು. ಐದನೇ ಕ್ಲಾಸಿನ ಮೊಮ್ಮಗ ರಜೆಯಲ್ಲಿ ಇಲ್ಲೇ ಇದ್ದ, ಟಿವಿ ಇಲ್ಲ ಅಂತ ಗೋಳು. ಆರನೇ ದಿನ ಲೈನ್‌ಮ್ಯಾನ್ ಬಂದರು. 'ಅವರಿಗೆ ಒಂದು ಪತ್ರ ಬರಿ' ಅಂದೆ. 'ಏನಂತ, ಅಜ್ಜಿ?' ಅಂದ. 'ಮೊದಲು ಜಗಲಿಯಲ್ಲಿ ಕೂತು ನೋಡು. ಅವರು ಮಾಡಿದ್ದರಲ್ಲಿ ಮೂರು ಸಂಗತಿ ಬಂದು ಹೇಳು, ಆಮೇಲೆ ಪೆನ್ನು ಕೊಡ್ತೀನಿ' ಅಂದೆ.

ಅವನು ನೋಡಿದ್ದನ್ನು ನಾನು ಇಷ್ಟು ವರ್ಷ ನೋಡಿರಲಿಲ್ಲ. ಕಂಬ ಹತ್ತುವ ಮುಂಚೆ ಅವರು ಎರಡು ಸಲ ಫೋನ್ ಮಾಡಿದರಂತೆ. ಯಾಕೆ ಅಂತ ಇವನು ಹೋಗಿ ಕೇಳಿದ. ಲೈನ್ ಕ್ಲಿಯರ್ ತೆಗೆದುಕೊಳ್ಳಬೇಕು, ಆ ಕಡೆಯವರು ಆಫ್ ಮಾಡಿದ್ದೇವೆ ಅಂತ ಹೇಳದೆ ಮುಟ್ಟುವ ಹಾಗಿಲ್ಲ ಅಂದರಂತೆ. ಆಮೇಲೆ ನಮ್ಮ ಕಡೆ ತಿರುಗಿ, 'ಅಮ್ಮಾ, ನಿಮ್ಮ ಜನರೇಟರ್ ಆಫ್ ಇದೆಯಾ?' ಅಂತ ಕೂಗಿ ಕೇಳಿದರು. ಮನೆಯನ್ನು ಲೈನಿನಿಂದ ಜನರೇಟರಿಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ಸರಿ ಇಲ್ಲದಿದ್ದರೆ ಮನೆಯ ಜನರೇಟರಿನ ಕರೆಂಟ್ ವಾಪಸ್ ಲೈನಿಗೆ ಹೋಗುತ್ತದೆ. ಸಬ್‌ಸ್ಟೇಷನ್‌ನಲ್ಲಿ ಆಫ್ ಮಾಡಿದ್ದರೂ ಕಂಬದ ಮೇಲಿರುವವನ ಜೀವ ಹೋಗಬಹುದು. ತೋಟಕ್ಕೊಂದು ಜನರೇಟರ್ ಇರುವ ನಮ್ಮೂರಲ್ಲಿ ಇದು ಸಣ್ಣ ವಿಷಯ ಅಲ್ಲ. ನಮ್ಮ ಸ್ವಿಚ್ಚನ್ನು ಮರುದಿನವೇ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿದೆ.

ಪತ್ರ ಹೀಗೆ ಬಂತು. 'ಲೈನ್‌ಮ್ಯಾನ್ ಅಣ್ಣನಿಗೆ ನಮಸ್ಕಾರ. ನೀವು ಎರಡು ಸಲ ಫೋನ್ ಮಾಡಿದ್ದು ನೋಡಿದೆ. ನಮ್ಮ ಜನರೇಟರ್ ಆಫ್ ಇತ್ತು, ಇನ್ನು ಮೇಲೂ ನಾನೇ ನೋಡಿಕೊಳ್ಳುತ್ತೇನೆ. ಕರೆಂಟ್ ಬಂದಾಗ ಅಜ್ಜಿ ಮೊದಲು ಪಂಪ್ ಹಾಕಿದರು, ಟಿವಿ ಹಾಕಲಿಲ್ಲ. ಕಂಬದ ಮೇಲೆ ಇರುವಾಗ ಜಿಗಣೆ ಕಚ್ಚಿದರೆ ಏನು ಮಾಡುತ್ತೀರಿ?' ಈ ಸಲ ಕೆಂಪು ಪೆನ್ನು ಮುಟ್ಟಲಿಲ್ಲ.

ವಿಳಾಸ ಬರೆಯಲು ಕೂತಾಗ ನಾಚಿಕೆಯಾಯ್ತು. ಅವರ ಹೆಸರು ನನಗೆ ಗೊತ್ತಿಲ್ಲ. ಎಂಟು ವರ್ಷದಿಂದ ಬರುತ್ತಿದ್ದಾರೆ, ನನ್ನ ಫೋನಿನಲ್ಲಿ ಅವರು 'ಕರೆಂಟ್' ಅಂತ ಸೇವ್ ಆಗಿದ್ದಾರೆ. ಆಫೀಸಿಗೆ ಫೋನ್ ಮಾಡಿ ಹೆಸರು ಕೇಳಿ ಬರೆದೆವು. ಕಾರ್ಡನ್ನು ಪೋಸ್ಟಿಗೆ ಹಾಕಿದೆವು, ಫೋಟೋ ತೆಗೆದು ವಾಟ್ಸಾಪ್ ಮಾಡಲಿಲ್ಲ. ಅಂಚೆ ಕಾರ್ಡಿಗೆ ಈಗಲೂ 50 ಪೈಸೆ. ಆಗಸ್ಟ್‌ನಲ್ಲಿ ಮತ್ತೆ ಫ್ಯೂಸ್ ಹೋದಾಗ ಅವರೇ ಬಂದು, ಹುಡುಗ ಎಲ್ಲಿ ಅಂತ ಕೇಳಿ ಉತ್ತರ ಕೊಟ್ಟು ಹೋದರು: 'ಮೇಲೆ ಇರುವಾಗ ಗೊತ್ತೇ ಆಗಲ್ಲ. ಮನೆಗೆ ಹೋಗಿ ಬೂಟು ಬಿಚ್ಚಿದಾಗ ರಕ್ತ ನೋಡಿ ಗೊತ್ತಾಗೋದು.' ಫೋನ್ ಮಾಡಿ ಮೊಮ್ಮಗನಿಗೆ ತಿಳಿಸಿದ್ದೇನೆ.

ಶಿಕ್ಷಕರು ಒಂದು ಮಾತು ಹೇಳುತ್ತಾರೆ, ಸ್ವಂತವಾಗಿ ಬರೆಯಲು ಬಿಟ್ಟರೆ ತಪ್ಪು ಜಾಸ್ತಿ ಅಂತ. ನಿಜ. ನಮ್ಮ ಮಕ್ಕಳು ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು ಮಾತಾಡಿ ಶಾಲೆಗೆ ಬಂದು ಕನ್ನಡ ಬರೆಯುವವರು. ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಅಸ್ಸಾಂನಿಂದ ಬಂದವರ ಮಕ್ಕಳೂ ಇದ್ದಾರೆ. ಒತ್ತಕ್ಷರ ತಪ್ಪಲಿ ಬಿಡಿ. ಪರೀಕ್ಷೆಯ ಪತ್ರಕ್ಕೆ 'ಇವರಿಂದ', 'ಇವರಿಗೆ', 'ವಿಷಯ' ಎಲ್ಲ ಬೇಕು, ಅಂಕ ಇದೆ. ಇದಕ್ಕೆ ಅಂಕ ಇಲ್ಲ.

ಮಡಿಕೇರಿ ದಸರಾ ಬರುತ್ತಿದೆ. ರಾತ್ರಿಯಿಡೀ ದಶಮಂಟಪ, ಅಂದರೆ ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆ ನೋಡಿ ಬೆಳಗಿನ ಜಾವ ಮನೆಗೆ ಬಂದು ಮಲಗುತ್ತೇವೆ. ಆ ರಾತ್ರಿ ರಸ್ತೆ ತುಂಬ ಬಿದ್ದ ಪೇಪರ್ ತಟ್ಟೆ, ಬಾಟಲಿ, ಪೀಪಿ, ಒಂಟಿ ಚಪ್ಪಲಿಗಳನ್ನು ಎತ್ತುವವರು ಯಾರು ಅಂತ ಪಟ್ಟಣದ ಮಕ್ಕಳು ಒಂದು ಬೆಳಿಗ್ಗೆ ಎದ್ದು ನೋಡಲಿ. ಅರ್ಧ ಗಂಟೆ ಸಾಕು. ಕೈಗೆ ಗ್ಲೌಸ್ ಇದೆಯಾ ಇಲ್ಲವಾ ಅನ್ನೋದೂ ಕಣ್ಣಿಗೆ ಬೀಳುತ್ತದೆ. ಇಲ್ಲದಿದ್ದರೆ ದೊಡ್ಡ ಕ್ಲಾಸಿನವರು ಇನ್ನೊಂದು ಕಾರ್ಡು ಬರೆಯಬಹುದು, ಅದು ಪೌರಕಾರ್ಮಿಕರಿಗಲ್ಲ, ಅವರ ಆಫೀಸಿಗೆ. ಶಾಲೆಯವರು ಇದಕ್ಕೆ ಒಪ್ಪುತ್ತಾರಾ ಗೊತ್ತಿಲ್ಲ.

ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನ, ಅಕ್ಟೋಬರ್ 9 ವಿಶ್ವ ಅಂಚೆ ದಿನ. ಶಾಲೆಗಳು ಆಗ ಪತ್ರ ಬರೆಸುವುದಾದರೆ ಒಂದು ಸಣ್ಣ ಸೂಚನೆ. ನಮ್ಮ ಅಂಚೆ ಕಚೇರಿಯಲ್ಲಿ ನಾನು ಕೇಳಿದ ದಿನ ಇದ್ದದ್ದು ಹನ್ನೊಂದೇ ಕಾರ್ಡು. ಕ್ಲಾಸಿಗೆಲ್ಲ ಬೇಕಾದರೆ ವಾರ ಮೊದಲೇ ಹೇಳಿಡಿ, ತರಿಸಿ ಕೊಡುತ್ತಾರೆ.

ಇತಿ,
ನಿವೃತ್ತ ಶಿಕ್ಷಕಿ, ನಾಪೋಕ್ಲು