ಫೋಲಿಯವರ ಮೊಹರು

ಸಂಪಾದಕರಿಗೆ,

ಮಾನ್ಯರೇ,

ಬ್ರಿಟಿಷ್ ಗೂಢಚಾರರನ್ನು ಕುರಿತು ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವು ಫ್ರ್ಯಾಂಕ್ ಫೋಲಿಯವರ ಬಗ್ಗೆ ಒಂದೇ ಸಾಲು ಬರೆದು, ಪಾಸ್‌ಪೋರ್ಟ್ ಅಧಿಕಾರಿಯ ಹುದ್ದೆ ಅವರ ಬೇಹುಗಾರಿಕೆಗೆ ಬರೀ ಮುಸುಕಾಗಿತ್ತೆಂದು ಮುಗಿಸಿಬಿಟ್ಟಿದೆ. ಅದು ಸುಳ್ಳಲ್ಲ, ಆದರೆ ಇಂದು ಜನ ಅವರನ್ನು ನೆನೆಯುವುದು ಆ ಮುಸುಕಿನ ಕೆಲಸಕ್ಕಾಗಿಯೇ.

ಸಾಮರ್‌ಸೆಟ್‌ನ ಹೈಬ್ರಿಜ್‌ನಲ್ಲಿ 1884ರಲ್ಲಿ ಹುಟ್ಟಿದ ಫೋಲಿ, ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಗುಪ್ತಚರ ಸೇವೆಗೆ ಬಂದವರು. 1939ರಲ್ಲಿ ಯುದ್ಧ ಶುರುವಾಗುವವರೆಗೂ ಬರ್ಲಿನ್‌ನಲ್ಲಿ ಬ್ರಿಟನ್ನಿನ ವಿದೇಶಿ ಗುಪ್ತಚರ ಸಂಸ್ಥೆ ಎಂಐ6ರ ಶಾಖೆಯ ಮುಖ್ಯಸ್ಥರಾಗಿದ್ದರು. ಪಾಸ್‌ಪೋರ್ಟ್ ಅಧಿಕಾರಿಗೆ ರಾಜತಾಂತ್ರಿಕ ರಕ್ಷಣೆ ಇರಲಿಲ್ಲವಾದ್ದರಿಂದ ಸಿಕ್ಕಿಬಿದ್ದರೆ ಸೆರೆಮನೆಯೇ ಗತಿ. ಅಂಥ ಸ್ಥಿತಿಯಲ್ಲೂ ಅವರು ನಾಜಿಗಳ ಸಾಕ್ಸನ್‌ಹೌಸನ್ ಬಂದೀಖಾನೆಯೊಳಕ್ಕೇ ಹೋಗಿ ಯಹೂದಿಗಳನ್ನು ಬಿಡಿಸಿ ತಂದರು, ಕೆಲವರನ್ನು ಮನೆಯಲ್ಲೇ ಅಡಗಿಸಿಟ್ಟರು.

ಮೂರು ದಶಕ ಸರ್ಕಾರಿ ಕಡತಗಳ ನಡುವೆ ಕಳೆದ ನನಗೆ ಇದಕ್ಕಿಂತಲೂ ಹಿರಿದಾಗಿ ಕಂಡದ್ದು ಅವರು ನಿಯಮವನ್ನು ಓದಿದ ರೀತಿ. 'ನಿಯಮದಲ್ಲಿ ಅವಕಾಶವಿಲ್ಲ' ಎಂದು ಟಿಪ್ಪಣಿ ಬರೆಯುವುದು ಎಷ್ಟು ಸುಲಭವೆಂದು ಬಲ್ಲೆ, ನಾನೂ ಬರೆದಿದ್ದೇನೆ. ಆಗ ಬ್ರಿಟಿಷರ ಆಡಳಿತದಲ್ಲಿದ್ದ ಪ್ಯಾಲೆಸ್ಟೈನ್‌ಗೆ ಬಂಡವಾಳಗಾರರ ವರ್ಗದಲ್ಲಿ ಹೋಗಲು 1,000 ಪೌಂಡ್ ತೋರಿಸಬೇಕಿತ್ತು. ಕೈಯಲ್ಲಿ ಹತ್ತೇ ಪೌಂಡ್ ಇದ್ದ ಯುವತಿಯೊಬ್ಬಳಿಗೆ, ಉಳಿದದ್ದನ್ನು ಕೊಡುವೆನೆಂದು ಯಾರಿಂದಲಾದರೂ ಬರೆಸಿಕೊಂಡು ಬಾ ಎಂದು ದಾರಿ ತೋರಿಸಿ, ಆ ಚೀಟಿಯನ್ನೇ ಆಧಾರವಾಗಿಟ್ಟುಕೊಂಡು ಫೋಲಿ ವೀಸಾ ಕೊಟ್ಟರು. ಆ ಹಣ ಎಂದಾದರೂ ಕೈಸೇರುವುದೇ ಎಂದು ಕೆದಕಲಿಲ್ಲ. 1938ರ ನವೆಂಬರ್‌ನಲ್ಲಿ ಯಹೂದಿಗಳ ಮನೆ, ಅಂಗಡಿ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆದ ಮೇಲಂತೂ ಅವರ ಕಚೇರಿಯ ಮುಂದಿನ ಸಾಲು ಕರಗಲೇ ಇಲ್ಲ. ಹೀಗೆ ಪಾರಾದವರು 10,000 ಮಂದಿ ಎನ್ನುತ್ತಾರೆ. ಅದು ಅಂದಾಜೇ ಹೊರತು ಎಣಿಕೆಯಲ್ಲ.

ಮುಂದೆ ನಾರ್ವೆಯಲ್ಲಿ ದುಡಿದದ್ದು, 1941ರಲ್ಲಿ ಬ್ರಿಟನ್ನಿಗೆ ಹಾರಿಬಂದ ಹಿಟ್ಲರನ ಉಪನಾಯಕ ರುಡಾಲ್ಫ್ ಹೆಸ್‌ನನ್ನು ವಿಚಾರಿಸಿದ್ದು ಮುಂತಾದವು ಬೇಹುಗಾರಿಕೆಯ ಚರಿತ್ರೆಗೆ ಸೇರಿದ ಮಾತು. 1958ರಲ್ಲಿ ಸ್ಟೌರ್‌ಬ್ರಿಜ್‌ನಲ್ಲಿ ತೀರಿಕೊಂಡಾಗ ಅವರು ಹೊರಗಿನವರಿಗೆ ನಿವೃತ್ತ ಅಧಿಕಾರಿ, ಅಷ್ಟೇ. ಯಹೂದಿಗಳ ಸಾಮೂಹಿಕ ಹತ್ಯೆಯನ್ನು ಸಂಘಟಿಸಿದ ನಾಜಿ ಅಧಿಕಾರಿ ಐಖ್‌ಮನ್‌ನ 1961ರ ವಿಚಾರಣೆಯಲ್ಲಿ, ಹಿಂದೆ ಬರ್ಲಿನ್‌ನ ಯಹೂದಿ ಮುಖಂಡರಾಗಿದ್ದ ಬೆನ್ನೊ ಕೋನ್ ಸಾಕ್ಷಿ ನುಡಿಯುವಾಗ ಫೋಲಿಯವರ ಹೆಸರು ಹೇಳಿದರು. ಆ ಹತ್ಯಾಕಾಂಡದ ನೆನಪನ್ನು ಕಾಯುವ ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆಯ ಗೌರವ ಸಂದದ್ದು ಮಾತ್ರ 1999ರಲ್ಲಿ.

ಲೇಖನಮಾಲೆ ಮುಂದುವರಿಯುವುದಾದರೆ ಫೋಲಿಯವರಿಗೆ ಒಂದು ಪೂರ್ಣ ಕಂತನ್ನು ಮೀಸಲಿಡಬೇಕೆಂದು ಕೋರುತ್ತೇನೆ.

ಇಂತಿ,
ನಿವೃತ್ತ ಸರ್ಕಾರಿ ನೌಕರ, ಧಾರವಾಡ